ರಕ್ತಪರೀಕ್ಷೆಗೆ ಹೆದರುವವರು ಯಾರಿಗೆ ಹೆದರುತ್ತಾರೆ?

ಎಚ್.ಐ.ವಿ. ಸೋಂಕು ತಗಲಿದೆಯೇ ಇಲ್ಲವೇ ಎಂದು ತಿಳಿದುಕೊಳ್ಳುವುದು ಇಂದು ದೊಡ್ಡ ಕೆಲಸವೇನಲ್ಲ. ಕುಮಟಾ, ಹೊನ್ನಾವರ, ಭಟ್ಕಳ ಈ ಮೂರೂ ತಾಲೂಕು ಆಸ್ಪತ್ರೆಗಳಲ್ಲಿ ಪರೀಕ್ಷೆಯ ಸೌಲಭ್ಯವಿದೆ. ಆಪ್ತಸಮಾಲೋಚಕರು ಮೊದಲು ಕೂರಿಸಿ ಮಾತನಾಡುತ್ತಾರೆ, ಒಪ್ಪಿಗೆ ಪಡೆದು ಸ್ವಲ್ಪ ರಕ್ತ ತೆಗೆಯುತ್ತಾರೆ, ಸಾಮಾನ್ಯವಾಗಿ ಅದೇ ದಿನ ಫಲಿತಾಂಶ ತಿಳಿಸುತ್ತಾರೆ. ಹಣ ಕೊಡಬೇಕಾಗಿಲ್ಲ. ಸೋಂಕು ಇದೆಯೆಂದು ಕಂಡುಬಂದರೆ ಎ.ಆರ್.ಟಿ. ಮಾತ್ರೆಗಳೂ ಉಚಿತ; 2004ರ ಏಪ್ರಿಲ್‌ನಿಂದ ಸರ್ಕಾರ ಅವುಗಳನ್ನು ಕೊಡುತ್ತಾ ಬಂದಿದೆ. ರೋಗ ಬಲಿಯುವವರೆಗೆ ಕಾಯದೆ, ಸೋಂಕು ದೃಢಪಟ್ಟ ಕೂಡಲೇ ಚಿಕಿತ್ಸೆ ಆರಂಭಿಸಬೇಕೆಂಬ ನೀತಿ 2017ರಲ್ಲಿ ಬಂತು. ಇಷ್ಟೆಲ್ಲ ಇದ್ದರೂ ಕೆಲವರು ಆ ಬಾಗಿಲ ಹತ್ತಿರ ಸುಳಿಯುವುದಿಲ್ಲ. ಹೀಗೆ ದೂರ ಉಳಿಯುವವರಲ್ಲಿ ಗಂಡಸರ ಕಡೆಗೇ ಆಕರ್ಷಣೆಯುಳ್ಳ ಗಂಡಸರೂ ಹೆಣ್ಣು ಗಂಡು ಇಬ್ಬರ ಕಡೆಗೂ ಆಕರ್ಷಣೆಯುಳ್ಳ ಗಂಡಸರೂ ಇದ್ದಾರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ ಗಂಡಸರೊಂದಿಗೆ ದೈಹಿಕ ಸಂಬಂಧವುಳ್ಳ ಗಂಡಸರಲ್ಲಿ ಸೋಂಕಿನ ಪ್ರಮಾಣ ಸಾಮಾನ್ಯ ಜನರಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಯಾರಿಗೆ ಪರೀಕ್ಷೆ ಹೆಚ್ಚು ಅಗತ್ಯವೋ ಅವರೇ ಅದರಿಂದ ತಪ್ಪಿಸಿಕೊಳ್ಳುತ್ತಿದ್ದಾರೆ.

ಕುಟುಂಬ ಮತ್ತು ವಿಶ್ವಾಸದ ಪುಟದಲ್ಲಿ ಇಂಥ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಈ ಗಂಡಸರು ಎಲ್ಲಿಂದಲೋ ಬಂದವರಲ್ಲ. ನಮ್ಮ ಧರ್ಮಕೇಂದ್ರಗಳಲ್ಲೇ ಜ್ಞಾನಸ್ನಾನ ಪಡೆದವರು, ಗಾಯನವೃಂದದಲ್ಲಿ ಹಾಡಿದವರು, ಹಬ್ಬಕ್ಕೆ ಚಪ್ಪರ ಕಟ್ಟಿದವರು. ಅವರಲ್ಲಿ ಎಷ್ಟೋ ಜನ ಮದುವೆಯಾದವರು, ಮಕ್ಕಳೊಂದಿಗರು. ಸಲಿಂಗ ದೈಹಿಕ ಸಂಬಂಧದ ಕುರಿತು ಧರ್ಮಸಭೆಯ ಬೋಧನೆ ಏನೆಂಬುದು ಓದುಗರಿಗೆ ತಿಳಿದಿದೆ. ಅದನ್ನು ವಿವರಿಸುವುದಾಗಲಿ ಅಲ್ಲಗಳೆಯುವುದಾಗಲಿ ಈ ಲೇಖನದ ಉದ್ದೇಶವಲ್ಲ. ಆದರೆ 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಅದೇ ಜಾಗದಲ್ಲಿ, 2358ನೆಯ ಪರಿಚ್ಛೇದದಲ್ಲಿ, ಇಂಥ ಪ್ರವೃತ್ತಿಯುಳ್ಳವರನ್ನು ಗೌರವದಿಂದಲೂ ಕನಿಕರದಿಂದಲೂ ಸೂಕ್ಷ್ಮತೆಯಿಂದಲೂ ಸ್ವೀಕರಿಸಬೇಕು, ಅನ್ಯಾಯದ ಭೇದಭಾವದ ಗುರುತೂ ಕಾಣಬಾರದು ಎಂದು ಹೇಳಿದೆ. ಹಿಂದಿನ ಪರಿಚ್ಛೇದ ನಮ್ಮಲ್ಲಿ ಅನೇಕರಿಗೆ ಬಾಯಿಪಾಠ. ಇದನ್ನು ಓದಿದವರು ಕಡಿಮೆ.

ಹಾಗಾದರೆ ನಮ್ಮ ಮುಂದಿರುವ ಪ್ರಶ್ನೆ ಇದು: ತಿಳಿಯಲು ಸಾಧ್ಯವಿರುವುದನ್ನು, ತಿಳಿಯಲೇಬೇಕಾದುದನ್ನು, ತಿಳಿಯದೆ ಉಳಿಯುವುದು ಪಾಪವೇ? ಪಾಪವಾದರೆ ಅದು ಅವನೊಬ್ಬನದೇ?

ಮೊದಲು ಕಣ್ಣಿಗೆ ಕಾಣುವ ಕಾರಣವನ್ನೇ ನೋಡೋಣ. ಸಂತೆಗುಳಿಯಂಥ ಊರಿನ ಯುವಕನೊಬ್ಬ ಕುಮಟಾ ಬಸ್ ಹತ್ತುತ್ತಾನೆ ಎಂದುಕೊಳ್ಳಿ. ಪಕ್ಕದ ಸೀಟಿನವರು ಕೇಳುವ ಮೊದಲ ಮಾತು ‘ಎಲ್ಲಿಗೆ ಹೊರಟದ್ದು?’ ಎಂದು. ‘ಆಸ್ಪತ್ರೆಗೆ’ ಎಂದರೆ ‘ಎಂತ ಆಯ್ತು ಮಾರಾಯ?’ ಎಂದು ಎರಡನೆಯ ಮಾತು. ಇದರಲ್ಲಿ ಕೆಡುಕಿಲ್ಲ, ಊರಿನ ಅಕ್ಕರೆಯೇ ಹಾಗೆ. ಆಸ್ಪತ್ರೆಯ ಬೆಂಚಿನಲ್ಲಿ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಬಂದ ದೊಡ್ಡಪ್ಪ ಕುಳಿತಿರಬಹುದು. ರಕ್ತ ತೆಗೆಯುವ ಹುಡುಗಿ ತಂಗಿಯ ಸಹಪಾಠಿಯಾಗಿರಬಹುದು. ಜ್ವರಕ್ಕೂ ಮೊಣಕಾಲು ನೋವಿಗೂ ಇದೆಲ್ಲ ಅನುಕೂಲವೇ. ಇದೊಂದಕ್ಕೆ ಮಾತ್ರ ಅದು ಗೋಡೆಯಾಗುತ್ತದೆ. ಕೈಯಲ್ಲಿ ಕಾಸಿದ್ದವನು ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿ ಖಾಸಗಿ ಪ್ರಯೋಗಾಲಯದಲ್ಲಿ ರಕ್ತ ಕೊಟ್ಟು ಬರುತ್ತಾನೆ. ದಿನಗೂಲಿಯವನು ‘ಮುಂದಿನ ತಿಂಗಳು’ ಎನ್ನುತ್ತಾನೆ.

ಆದರೆ ದೂರದ ಊರಿನಲ್ಲಿದ್ದರೂ, ಬೆಂಗಳೂರಿನ ಜನಜಂಗುಳಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಹೋಗಬಹುದಾಗಿದ್ದರೂ, ಹೋಗದವರಿದ್ದಾರಲ್ಲ? ಅಲ್ಲಿ ಬೇರೆ ಸಂಗತಿಯೇ ಇದೆ.

ಪರೀಕ್ಷೆ ಕೇಳುವುದು ಒಂದೇ ಪ್ರಶ್ನೆ ಎಂದು ನಾವು ತಿಳಿದಿದ್ದೇವೆ: ರಕ್ತದಲ್ಲಿ ವೈರಾಣು ಇದೆಯೇ? ಈ ಗಂಡಸರ ಪಾಲಿಗೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಹೇಗೆ ಬಂತು? ಮೊದಲನೆಯದಕ್ಕೆ ಪ್ರಯೋಗಾಲಯ ಉತ್ತರಿಸುತ್ತದೆ. ಎರಡನೆಯದಕ್ಕೆ ಅವನೇ ಬಾಯಿ ಬಿಡಬೇಕು. ಮುಂಬೈಯಲ್ಲಿ ದುಡಿಯುತ್ತಿದ್ದಾಗ ಹೆಣ್ಣೊಬ್ಬಳ ಬಳಿಗೆ ಹೋಗಿದ್ದೆ ಎಂದು ಒಪ್ಪಿಕೊಂಡ ಗಂಡಸನ್ನು ಊರು ಬೈಯುತ್ತದೆ, ಎರಡು ವರ್ಷ ಕಳೆದರೆ ಮರೆಯುತ್ತದೆ. ‘ಗಂಡಸಲ್ಲವೇ, ಕಾಲು ಜಾರಿತು’ ಎನ್ನುವವರೂ ಇರುತ್ತಾರೆ. (ಹೆಣ್ಣಿನ ಕಾಲು ಜಾರಿದರೆ ಈ ಮಾತು ಯಾರ ಬಾಯಿಂದಲೂ ಬರುವುದಿಲ್ಲ ಎಂಬುದು ಬೇರೆ ಮಾತು.) ಗಂಡಸಿನ ಜೊತೆ ಎಂದು ಹೇಳುವವನಿಗೆ ಆ ರಿಯಾಯಿತಿ ಸಿಗದು. ಅವನು ಒಂದು ತಪ್ಪನ್ನು ಹೇಳಿಕೊಂಡಂತೆ ಆಗುವುದಿಲ್ಲ, ತಾನು ಯಾರು ಎಂಬುದನ್ನೇ ಹೇಳಿಕೊಂಡಂತೆ ಆಗುತ್ತದೆ. ಆಪ್ತಸಮಾಲೋಚಕರು ಕೇಳುವುದು ತಕ್ಕ ಸಲಹೆ ಕೊಡುವ ಸಲುವಾಗಿ; ಅವನ ಕಿವಿಗೆ ಅದು ವಿಚಾರಣೆಯಾಗಿ ಕೇಳುತ್ತದೆ. ಸೋಂಕು ಇಲ್ಲವೆಂದು ಬಂದರೂ ಭಯ ತೀರುವುದಿಲ್ಲ. ಪರೀಕ್ಷೆ ನಿನಗೇಕೆ ಬೇಕಾಯಿತು ಎಂದು ಯಾರಾದರೂ ಕೇಳಿಯಾರಲ್ಲ!

ಈ ಭಯಕ್ಕೆ ಬಹುಕಾಲ ಕಾನೂನೇ ನೀರೆರೆದಿತ್ತು. 1860ರ ದಂಡಸಂಹಿತೆಯ 377ನೆಯ ಕಲಮಿನ ಪ್ರಕಾರ ‘ಹೇಗೆ ಬಂತು’ ಎಂಬ ಪ್ರಶ್ನೆಗೆ ನಿಜವಾದ ಉತ್ತರ ಕೊಡುವುದೆಂದರೆ ಜೀವಾವಧಿಯವರೆಗೂ ಶಿಕ್ಷೆಯಾಗಬಹುದಾದ ಅಪರಾಧವನ್ನು ಒಪ್ಪಿಕೊಂಡಂತೆ. 2001ರಲ್ಲಿ ಲಖನೌದಲ್ಲಿ ಇಂಥ ಗಂಡಸರ ನಡುವೆ ಎಚ್.ಐ.ವಿ. ತಡೆಯಲು ದುಡಿಯುತ್ತಿದ್ದ ಕಾರ್ಯಕರ್ತರನ್ನೇ ಪೊಲೀಸರು ಬಂಧಿಸಿ ಜೈಲಿನಲ್ಲಿಟ್ಟಿದ್ದರು. 2009ರಲ್ಲಿ ದೆಹಲಿ ಹೈಕೋರ್ಟ್ ಆ ಕಲಮನ್ನು ಸಡಿಲಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಗೊಳಿಸಿತು, ಕೊನೆಗೆ 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2013ರ ತೀರ್ಪು ಬಂದಾಗ ಹಲವು ಧರ್ಮಗಳ ಮುಖಂಡರು ಅದನ್ನು ಸ್ವಾಗತಿಸಿದ್ದರು. ಆಗ ಮುಂಬೈಯ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಅವರು ಮಾತ್ರ, ಇವರನ್ನು ಧರ್ಮಸಭೆ ಎಂದೂ ಅಪರಾಧಿಗಳೆಂದು ಎಣಿಸಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಆ ಮಾತು ನಮ್ಮ ಪೀಠಗಳಿಂದ ಎಷ್ಟು ಕೇಳಿಬಂತೋ ಓದುಗರೇ ನೆನಪಿಸಿಕೊಳ್ಳಲಿ.

‘ಹೇಗೆ ಬಂತು?’ ಎಂಬ ಪ್ರಶ್ನೆ ಹೊಸದಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಯೇಸುಸ್ವಾಮಿಯವರನ್ನು ಕೇಳಿದ್ದು ಅದನ್ನೇ: ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ? ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಮಿಯವರು ಇಬ್ಬರೂ ಅಲ್ಲವೆಂದು ಹೇಳಿ, ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚುವ ಕೆಲಸಕ್ಕೆ ತೊಡಗುತ್ತಾರೆ. ನಾವು ಶಿಷ್ಯರ ಪ್ರಶ್ನೆಯಲ್ಲೇ ನಿಂತುಬಿಟ್ಟಿದ್ದೇವೆ. ಸಂತರನ್ನೂ ಈ ಪ್ರಶ್ನೆ ಬಿಟ್ಟಿಲ್ಲ. ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಾ ಅದೇ ರೋಗ ತಗಲಿ 1889ರಲ್ಲಿ ತೀರಿಕೊಂಡ ಫಾದರ್ ದಾಮಿಯನ್ನರ ಬಗ್ಗೆ ಅದೇ ವರ್ಷ ಹೊನೊಲುಲುವಿನ ಒಬ್ಬ ಬೋಧಕರು, ಅವರ ದುರ್ನಡತೆಯೇ ರೋಗಕ್ಕೆ ಕಾರಣ ಎಂಬರ್ಥದಲ್ಲಿ ಪತ್ರ ಬರೆದರು. ಲೇಖಕ ರಾಬರ್ಟ್ ಲೂಯಿಸ್ ಸ್ಟೀವನ್ಸನ್ 1890ರಲ್ಲಿ ಬಹಿರಂಗ ಪತ್ರ ಬರೆದು ಅದನ್ನು ಖಂಡಿಸಿದರು. ಧರ್ಮಸಭೆ 2009ರಲ್ಲಿ ಅವರನ್ನು ಸಂತ ಪದವಿಗೇರಿಸಿತು. ರೋಗವನ್ನೇ ಪಾಪದ ಪುರಾವೆ ಎಂದು ಭಾವಿಸುವ ಜನರ ನಡುವೆ, ಹದಿನಾರು ವರ್ಷ ರೋಗಿಗಳ ಗಾಯ ತೊಳೆದವರಿಗೇ ಈ ಗತಿಯಾಯಿತು. ಇನ್ನು ಗುಟ್ಟೊಂದನ್ನು ಹೊತ್ತ ಸಾಮಾನ್ಯನ ಪಾಡೇನು?

ನಮ್ಮ ನೆರೆಯಲ್ಲೇ, ಕಾರವಾರ ದಾಟಿದರೆ ಸಿಗುವ ಗೋವಾದಲ್ಲಿ ನಡೆದದ್ದನ್ನೂ ಮರೆಯಬಾರದು. ಡೊಮಿನಿಕ್ ಡಿಸೋಜಾ ಕಥೋಲಿಕ ಯುವಕ, ನಿಯಮಿತವಾಗಿ ರಕ್ತದಾನ ಮಾಡುತ್ತಿದ್ದವರು. ದಾನ ಕೊಟ್ಟ ರಕ್ತದಲ್ಲಿ ಎಚ್.ಐ.ವಿ. ಇದೆಯೆಂದು ಕಂಡುಬಂದ ಬಳಿಕ 1989ರ ಫೆಬ್ರವರಿ 14ರಂದು ಪೊಲೀಸರು ಅವರನ್ನು ಕರೆದೊಯ್ದರು. ಗೋವಾದ ಅಂದಿನ ಸಾರ್ವಜನಿಕ ಆರೋಗ್ಯ ಕಾಯ್ದೆಯನ್ನು ಮುಂದಿಟ್ಟುಕೊಂಡು, ಬಳಕೆಯಲ್ಲಿಲ್ಲದ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಕಾವಲಿನಲ್ಲಿಟ್ಟರು. ತಾಯಿ ಲೂಸಿ ಡಿಸೋಜಾ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮಗ ಹೊರಬಂದರೂ, ರೋಗಿಗಳನ್ನು ಪ್ರತ್ಯೇಕವಾಗಿಡುವ ಸರ್ಕಾರದ ಅಧಿಕಾರವನ್ನು ಬಾಂಬೆ ಹೈಕೋರ್ಟ್ ಆ ಮೊಕದ್ದಮೆಯಲ್ಲಿ ತಳ್ಳಿಹಾಕಲಿಲ್ಲ. ಡೊಮಿನಿಕ್ ಸೋಂಕಿತರಿಗಾಗಿ ‘ಪಾಸಿಟಿವ್ ಪೀಪಲ್’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿ 1992ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಬದುಕಿನಿಂದ ಪ್ರೇರಿತವಾಗಿ 2005ರಲ್ಲಿ ಬಂದ ‘ಮೈ ಬ್ರದರ್ ನಿಖಿಲ್’ ಹಿಂದಿ ಚಿತ್ರದ ನಾಯಕ ಗಂಡಸೊಬ್ಬನನ್ನು ಪ್ರೀತಿಸುವ ಯುವಕ. ರಕ್ತ ಕೊಟ್ಟರೆ ಪೊಲೀಸರು ಬರುತ್ತಾರೆ ಎಂಬ ಪಾಠವನ್ನು ಆ ಪೀಳಿಗೆ ಕಲಿತದ್ದು ಪುಸ್ತಕದಿಂದಲ್ಲ.

ಕಾಯ್ದೆ ಈಗ ಬದಲಾಗಿದೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಹೊರಗೆ ಬಿಡುವಂತಿಲ್ಲ, ಸೋಂಕಿನ ಕಾರಣಕ್ಕೆ ಕೆಲಸದಿಂದಲೋ ಶಾಲೆಯಿಂದಲೋ ತೆಗೆಯುವಂತಿಲ್ಲ. ಔಷಧವೂ ಬದಲಾಗಿದೆ. ತಪ್ಪದೆ ಮಾತ್ರೆ ನುಂಗುವ ಸೋಂಕಿತ ಇತರರಂತೆ ದುಡಿದು ವಯಸ್ಸಾಗುವವರೆಗೆ ಬದುಕಬಹುದು. ಚಿಕಿತ್ಸೆಯಿಂದ ವೈರಾಣು ಪರೀಕ್ಷೆಯಲ್ಲಿ ಕಾಣದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ ದೈಹಿಕ ಸಂಬಂಧದ ಮೂಲಕ ಅದು ಸಂಗಾತಿಗೆ ಹರಡುವುದಿಲ್ಲ ಎಂಬುದೂ ಸಂಶೋಧನೆಗಳಿಂದ ದೃಢಪಟ್ಟಿದೆ. ಆದರೆ ನಲವತ್ತು ದಾಟಿದವರ ಮನಸ್ಸಿನಲ್ಲಿ ಇಂದಿಗೂ ಇರುವುದು ಬಸ್ ನಿಲ್ದಾಣದ ಗೋಡೆಯ ಮೇಲಿದ್ದ ತಲೆಬುರುಡೆಯ ಚಿತ್ರವೇ. ಹೆದರಿಸಿದರೆ ಜನ ತಿದ್ದಿಕೊಳ್ಳುತ್ತಾರೆ ಎಂದು ಅಂದು ಎಲ್ಲರೂ ನಂಬಿದ್ದರು. ಹೆದರಿದವರು ಪರೀಕ್ಷೆಗೇ ಬರಲಿಲ್ಲ.

ಇನ್ನೊಂದು ಬಗೆಯವರಿದ್ದಾರೆ, ಅವರ ಬಗ್ಗೆ ಯೋಚಿಸಿದವರು ಇನ್ನೂ ಕಡಿಮೆ. ಈತ ಮದುವೆಯಾದವನು. ಹೆಂಡತಿಯ ಮೇಲೆ ಪ್ರೀತಿಯಿಲ್ಲದವನಲ್ಲ. ಎಂದೋ ಒಮ್ಮೆ, ಕೆಲಸದ ಊರಿನಲ್ಲಿ, ಗಂಡಸರೊಂದಿಗೆ ಸಂಬಂಧ. ಆತ ತನ್ನನ್ನು ಯಾವ ಹೆಸರಿನಿಂದಲೂ ಕರೆದುಕೊಳ್ಳುವುದಿಲ್ಲ. ‘ಸಲಿಂಗಕಾಮಿಗಳೇ, ಎಚ್ಚರ’ ಎಂಬ ಕರಪತ್ರ ಕೈಗೆ ಸಿಕ್ಕರೆ ಅದು ಬೇರೆ ಯಾರಿಗೋ ಬರೆದದ್ದೆಂದು ಮಡಚಿ ಎಸೆಯುತ್ತಾನೆ. ‘ಹೆಂಡತಿ ಮಕ್ಕಳಿರುವ ನನಗೆ ಆ ರೋಗವೆಲ್ಲಿ?’ ಎಂಬುದು ಅವನ ತರ್ಕ. ಪರೀಕ್ಷೆಗೆ ಹೋದರೆ ಈ ತರ್ಕ ಮುರಿದು ಬೀಳುತ್ತದೆ, ಅದರ ಮೇಲೆ ಕಟ್ಟಿದ ಮನೆಯೂ ಬೀಳುತ್ತದೆ ಎಂದು ಅವನಿಗೆ ಒಳಗೊಳಗೇ ಗೊತ್ತು. ಇವರಲ್ಲಿ ಕೆಲವರು ದೇವಭಕ್ತರು. ಪಾಪನಿವೇದನೆ ಮಾಡಿಕೊಂಡು ಬಂದು ಎಲ್ಲವೂ ತೊಳೆದುಹೋಯಿತು ಎಂದು ನೆಮ್ಮದಿಯಾಗುತ್ತಾರೆ. ಪಾಪ ಕ್ಷಮಿಸಲ್ಪಡುತ್ತದೆ, ಸರಿ. ವೈರಾಣು ಪಾಪವಲ್ಲ, ಅದು ಕ್ಷಮೆಗೆ ಕರಗದು.

ಇಂಥ ಮನೆಯಲ್ಲಿ ಗಂಡ ಕೊಡದ ರಕ್ತವನ್ನು ಹೆಂಡತಿ ಕೊಡುತ್ತಾಳೆ. ಬಸುರಿಯರಿಗೆ ತಪಾಸಣೆಯ ಸಮಯದಲ್ಲಿ ಎಚ್.ಐ.ವಿ. ಪರೀಕ್ಷೆಯೂ ಆಗುತ್ತದೆ, ತಾಯಿಗೆ ಬೇಗ ಚಿಕಿತ್ಸೆ ಸಿಕ್ಕರೆ ಮಗುವಿಗೆ ಸೋಂಕು ತಗಲುವ ಸಂಭವ ಬಹಳಷ್ಟು ತಗ್ಗುತ್ತದೆ ಎಂಬುದಕ್ಕೆ ಈ ಏರ್ಪಾಡು. ಹೀಗಾಗಿ ನಮ್ಮ ದೇಶದಲ್ಲಿ ಎಷ್ಟೋ ಮನೆಗಳಲ್ಲಿ ಸುದ್ದಿ ಮೊದಲು ತಿಳಿದದ್ದು ಹೆಂಡತಿಗೆ. ಮೊದಲು ತಿಳಿದವಳೇ ತಂದವಳು ಎಂದು ಮನೆಯವರು ತೀರ್ಮಾನಿಸುತ್ತಾರೆ. ಒಡಲಲ್ಲಿ ಮಗುವನ್ನು ಹೊತ್ತವಳು ಅತ್ತೆಯ ಎದುರು ತಲೆ ತಗ್ಗಿಸಿ ನಿಂತಿರುವಾಗ, ನಿಜ ಗೊತ್ತಿರುವವನು ಒಬ್ಬನೇ. ಅವನು ಬಾಯಿ ಬಿಡುವುದಿಲ್ಲ. ತನ್ನ ರಕ್ತ ತನ್ನ ಇಷ್ಟ ಎಂದು ಯಾರಾದರೂ ವಾದಿಸಿದರೆ ಈ ಹೆಣ್ಣಿನ ಮುಖವನ್ನು ನೆನೆಯಬೇಕು.

ಆದ್ದರಿಂದ ಅವನ ಹೊಣೆಯನ್ನು ಹಗುರಮಾಡುವುದು ಸಾಧ್ಯವಿಲ್ಲ. ನಿಜವನ್ನು ಹುಡುಕಲು ಮನಸ್ಸು ಮಾಡದವನ ಅಜ್ಞಾನ ಅವನ ಲೆಕ್ಕಕ್ಕೇ ಸೇರುತ್ತದೆ ಎಂದು ಧರ್ಮೋಪದೇಶ ಗ್ರಂಥದ 1791ನೆಯ ಪರಿಚ್ಛೇದ ಹೇಳುತ್ತದೆ. ನೈತಿಕ ದೈವಶಾಸ್ತ್ರದ ಹಿರಿಯರು ಇದಕ್ಕಿಂತ ಕಠಿಣವಾಗಿ, ಬೇಕೆಂದೇ ಉಳಿಸಿಕೊಂಡ ಅಜ್ಞಾನ ದೋಷವನ್ನು ಹೆಚ್ಚಿಸುತ್ತದೆ ಎಂದಿದ್ದಾರೆ. ಆದರೆ ಅದೇ ಗ್ರಂಥದ 1735ನೆಯ ಪರಿಚ್ಛೇದ, ಭಯವೂ ಒತ್ತಡವೂ ಮನುಷ್ಯನ ಹೊಣೆಯನ್ನು ತಗ್ಗಿಸಬಲ್ಲವು, ಕೆಲವೊಮ್ಮೆ ಇಲ್ಲವಾಗಿಸಬಲ್ಲವು ಎಂದೂ ಹೇಳಿದೆ. ಈ ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ಕಾಡುವುದು ಒಂದೇ: ಅವನ ಹೊಣೆಯಿಂದ ತಗ್ಗಿದ ಪಾಲು ಎಲ್ಲಿಗೆ ಹೋಗುತ್ತದೆ? ಗಾಳಿಯಲ್ಲಿ ಕರಗುವುದೇ? ಭಯವನ್ನು ಹುಟ್ಟಿಸಿದವರ ಹೆಗಲಿಗೆ ಬರುತ್ತದೆ ಎಂದೇ ನನ್ನ ತಿಳುವಳಿಕೆ. ಅಂಥವರನ್ನು ಗೇಲಿ ಮಾಡುವ ಹಾಸ್ಯಕ್ಕೆ ನಕ್ಕವರು, ‘ಇಂಥ ಮಗ ಹುಟ್ಟುವುದಕ್ಕಿಂತ ಬಂಜೆಯಾಗಿರುವುದು ಮೇಲಿತ್ತು’ ಎಂದು ಊಟದ ಹೊತ್ತಿಗೆ ಆಡಿದ ತಾಯಿ, ಬೇಡವೆಂದವನಿಗೆ ‘ಮದುವೆಯಾದರೆ ಎಲ್ಲ ಸರಿಹೋಗುತ್ತದೆ’ ಎಂದು ಹೆಣ್ಣು ಗೊತ್ತುಮಾಡಿದ ಬಂಧುಗಳು, ಎಲ್ಲರದೂ ಒಂದೊಂದು ಪಾಲು. ಇನ್ನೊಬ್ಬರ ಗುಟ್ಟನ್ನು ತಕ್ಕ ಕಾರಣವಿಲ್ಲದೆ ಬಯಲು ಮಾಡುವುದು, ಅದು ನಿಜವೇ ಆಗಿದ್ದರೂ, ಎಂಟನೆಯ ಕಟ್ಟಳೆಗೆ ವಿರುದ್ಧವಾದ ಪಾಪ. ಬಲಿಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತು ‘ಅವನಿಗೆ ಅದಂತೆ’ ಎಂದು ಪಿಸುಗುಟ್ಟಿದವರಲ್ಲಿ ಎಷ್ಟು ಮಂದಿ ಇದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದಾರೆ?

ಕಡ್ಡಾಯ ಮಾಡಿಬಿಡಿ, ಮದುವೆಯ ಪ್ರಕಟಣೆಗೆ ಮುನ್ನ ಎಲ್ಲರೂ ಚೀಟಿ ತರಲಿ ಎನ್ನುವವರಿದ್ದಾರೆ. ಕಾನೂನು ಒಪ್ಪಿಗೆಯಿಲ್ಲದ ಪರೀಕ್ಷೆಯನ್ನು ಒಪ್ಪುವುದಿಲ್ಲ ಎಂಬುದು ಒತ್ತಟ್ಟಿಗಿರಲಿ. ಸೋಂಕು ತಗಲಿದ ಮೊದಲ ವಾರಗಳಲ್ಲಿ ಅದು ಪರೀಕ್ಷೆಯಲ್ಲಿ ಕಾಣದಿರಬಹುದು. ಮದುವೆಯ ನಂತರದ ವರ್ಷಗಳ ಬಗ್ಗೆ ಆ ಚೀಟಿ ಏನನ್ನೂ ಹೇಳದು. ಮದುವೆಗೆ ಮುಂಚೆ ಇಬ್ಬರೂ ಮಾತಾಡಿಕೊಂಡು ಸ್ವಇಚ್ಛೆಯಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದೇ, ವಿವಾಹ ಸಿದ್ಧತಾ ಶಿಬಿರಗಳಲ್ಲಿ ಅದನ್ನು ಹೇಳಬೇಕು. ಅಟ್ಟಿಸಿಕೊಂಡು ಹೋದರೆ ಹೆದರಿದವನು ಇನ್ನೂ ಆಳಕ್ಕೆ ಇಳಿಯುತ್ತಾನೆ.

ಹೆದರಿದವನನ್ನು ಹೊರತರುವ ಬಗೆ ನಮಗೆ ಗೊತ್ತಿಲ್ಲದ್ದೇನಲ್ಲ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಅದೇ ವಿಧಿಯಲ್ಲಿ, ಕೇಳಿದ್ದನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಹೊರಗೆಡಹುವ ಗುರುವಿಗೆ ಕಠಿಣ ಶಿಕ್ಷೆಯನ್ನೂ ವಿಧಿಸಿತು. ಎರಡನ್ನೂ ಒಟ್ಟಿಗೆ ಹೇಳಿದ್ದು ಆಕಸ್ಮಿಕವಲ್ಲ. ಗುಟ್ಟು ಉಳಿಯುತ್ತದೆಂಬ ಭರವಸೆ ಇಲ್ಲದ ಕಡೆ ಯಾರೂ ಮನಸ್ಸು ಬಿಚ್ಚುವುದಿಲ್ಲ ಎಂದು ಆ ಹಿರಿಯರಿಗೆ ತಿಳಿದಿತ್ತು. ಹದಿನಾರನೆಯ ಶತಮಾನದಲ್ಲಿ ಮಿಲಾನಿನ ಸಂತ ಚಾರ್ಲ್ಸ್ ಬೊರೊಮಿಯೊ ಗುರುವಿಗೂ ಪಾಪನಿವೇದಕನಿಗೂ ನಡುವೆ ಜಾಲರಿ ಹಾಕಿಸಿದರು. ಜಾಲರಿಯ ಬೆಲೆ ತಿಳಿದ ನಾವು ಆಸ್ಪತ್ರೆಯ ಆ ಕೊಠಡಿಯ ಬಾಗಿಲ ಬೆಲೆಯನ್ನೂ ತಿಳಿಯಬೇಕಿತ್ತು. ಅಲ್ಲಿ ದುಡಿಯುವವರಲ್ಲಿ, ಪ್ರಯೋಗಾಲಯದ ತಂತ್ರಜ್ಞರಲ್ಲಿ, ನರ್ಸುಗಳಲ್ಲಿ, ನಮ್ಮವರೇ ಎಷ್ಟೋ ಜನ ಇದ್ದಾರೆ. ಅವರು ಮನೆಗೆ ಹೋಗಿ ಏನು ಮಾತಾಡುತ್ತಾರೆ, ಏನು ಮಾತಾಡುವುದಿಲ್ಲ ಎಂಬುದರ ಮೇಲೆ ಯಾರದೋ ಜೀವ ನಿಂತಿದೆ.

ರೋಗಿಯಾದವನನ್ನು ನೋಡಿಕೊಳ್ಳುವುದರಲ್ಲಿ ಧರ್ಮಸಭೆ ಹಿಂದೆ ಬಿದ್ದಿಲ್ಲ. ಬೆಂಗಳೂರಿನಲ್ಲಿ ಕಮಿಲಿಯನ್ ಗುರುಗಳ ಸ್ನೇಹದಾನ್ ಇದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2005ರಲ್ಲೇ ಎಚ್.ಐ.ವಿ. ಕುರಿತು ಕರುಣೆ ಮತ್ತು ಆರೈಕೆಯ ನೀತಿಯೊಂದನ್ನು ಪ್ರಕಟಿಸಿತು. ಹಾಸಿಗೆ ಹಿಡಿದವನ ಬಳಿ ಕೂರುವುದು ನಮಗೆ ಅಭ್ಯಾಸವಾಗಿದೆ. ಇನ್ನೂ ಗಟ್ಟಿಮುಟ್ಟಾಗಿ ಓಡಾಡುತ್ತಿರುವ, ಕಾಯಿಲೆಯ ಕನಿಕರವನ್ನು ಗಳಿಸದ, ಆದರೆ ಗುಟ್ಟಿನ ಭಾರದಿಂದ ಕುಗ್ಗಿದವನ ಬಳಿ ಕೂರುವುದು ಇನ್ನೂ ಅಭ್ಯಾಸವಾಗಿಲ್ಲ.

ಡಿಸೆಂಬರ್ 1 ವಿಶ್ವ ಏಡ್ಸ್ ದಿನ, 1988ರಿಂದ ಆಚರಣೆಯಲ್ಲಿದೆ. ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಸಂತೆಗುಳಿಗೆ ಸಮೀಪದ ಚಂದಾವರದ ಚರ್ಚಿಗೆ ಆ ದಿನಗಳಲ್ಲಿ ಜನ ಸೇರುತ್ತಾರೆ. ಮುಂಬೈ, ಗೋವಾ, ಗಲ್ಫ್‌ನಲ್ಲಿ ದುಡಿಯುವ ಮಕ್ಕಳು ರಜೆ ಹಾಕಿ ಊರಿಗೆ ಬರುವ ಹೊತ್ತು. ಹಬ್ಬಕ್ಕೆ ಮುಂಚಿನ ನೊವೆನಾದ ಯಾವುದಾದರೂ ಒಂದು ಸಂಜೆ, ಬೇರೆ ಪ್ರಕಟಣೆಗಳ ಜೊತೆಗೆ ಇದನ್ನೂ ಓದಬಹುದು. ಪ್ರಕಟಣೆಯಲ್ಲಿ ‘ಯಾರು’ ಎಂಬುದೂ ಬೇಡ, ‘ಹೇಗೆ’ ಎಂಬುದೂ ಬೇಡ. ಪರೀಕ್ಷೆ ಎಲ್ಲಿ, ಎಷ್ಟು ಹೊತ್ತಿಗೆ, ಉಚಿತ, ಗುಪ್ತ, ಮೊದಲು ಫೋನಿನಲ್ಲಿ ಮಾತಾಡಬೇಕೆನ್ನುವವರಿಗೆ 1097 ಎಂಬ ಉಚಿತ ಸಹಾಯವಾಣಿ ಇದೆ ಎಂದು ಓದಿ, ಮುಂದಿನ ಪ್ರಕಟಣೆಗೆ ಹೋದರಾಯಿತು.